ಬಾನಿ ಕೆಟ್ಟಿತು, ನನಗೆ ವಿಜ್ಞಾನ ಸಿಕ್ಕಿತು

ಮೂವತ್ತೆರಡು ವರ್ಷ ನಾನು ಶಿರಹಟ್ಟಿ, ಮುಂಡರಗಿ, ಕೊನೆಗೆ ಗದಗ ಹೀಗೆ ಊರೂರು ತಿರುಗಿ ಹೈಸ್ಕೂಲಿನ ಹುಡುಗರಿಗೆ ರಸಾಯನಶಾಸ್ತ್ರ ಕಲಿಸಿದೆ. ವರ್ಷಕ್ಕೊಬ್ಬನಾದರೂ ಕೇಳುತ್ತಿದ್ದ, "ಸರ್, ನೀವು ಸಾಯನ್ಸ್ ಯಾಕ ತಗೊಂಡ್ರಿ?" ಅದಕ್ಕೆ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿತ್ತು. ನಮ್ಮದು ಬೆಟಗೇರಿಯಲ್ಲಿ ನೂಲಿಗೆ ನೀಲಿ ಹಾಕುವ ಮನೆ, ಬಣ್ಣ ನೋಡುತ್ತ ಬೆಳೆದವನಿಗೆ ರಸಾಯನ ಬಿಟ್ಟು ಬೇರೇನು ರುಚಿಸೀತು ಎನ್ನುತ್ತಿದ್ದೆ. ಹುಡುಗರು ತಲೆಯಾಡಿಸುತ್ತಿದ್ದರು. ಉತ್ತರ ಸುಳ್ಳಲ್ಲ, ಅರ್ಧ. ಉಳಿದರ್ಧವನ್ನು ನಾಲ್ಕು ವರ್ಷದ ಹಿಂದಿನ ತನಕ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೂ ನಾಚಿಕೆ ಹೋಗಲಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ.

ನಮ್ಮ ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ನಾಲ್ಕು ಬಾನಿಗಳಿದ್ದವು. ಬಾನಿ ಎಂದರೆ ಹತ್ತು ಕೊಡ ನೀರು ಹಿಡಿಯುವ ಮಣ್ಣಿನ ಪಾತ್ರೆ. ಕೊರಳ ತನಕ ನೆಲದಲ್ಲಿ ಹೂತಿಟ್ಟಿರುತ್ತಿದ್ದರು. ಅದರೊಳಗೆ ನೀಲಿ, ಸುಣ್ಣ, ಬೆಲ್ಲ, ತಗಚೆ ಬೀಜ ಬೇಯಿಸಿದ ನೀರು. ಇವೆಲ್ಲ ಕೂಡಿ ಕೊಳೆತು, ಹುದುಗೆದ್ದು, ಎಂಟು ಹತ್ತು ದಿನಕ್ಕೆ ಬಾನಿಗೆ ಜೀವ ಬರುತ್ತಿತ್ತು. ಜೀವ ಬರುತ್ತಿತ್ತು ಎಂಬುದು ನನ್ನ ಮಾತಲ್ಲ, ಅಜ್ಜನ ಮಾತು. ಜೀವ ಬಂದ ಬಾನಿಯ ನೀರು ನೀಲಿಯಾಗಿರುವುದಿಲ್ಲ, ಹಳದಿಗೂ ಹಸಿರಿಗೂ ನಡುವಿನದೊಂದು ಬಣ್ಣ. ಮೇಲೆ ತಾಮ್ರದ ಹಾಗೆ ಮಿಂಚುವ ಕೆನೆ. ನೂಲಿನ ಕಟ್ಟನ್ನು, ಅಂದರೆ ಲಡಿಯನ್ನು, ಅದರಲ್ಲಿ ಅದ್ದಿ ಎತ್ತಿದರೆ ಲಡಿ ಹಸಿರಾಗಿ ಬರುತ್ತಿತ್ತು, ಗಾಳಿಗೆ ಹಿಡಿದರೆ ಕಣ್ಣ ಮುಂದೆಯೇ ನೀಲಿಗೆ ತಿರುಗುತ್ತಿತ್ತು. ಚಿಕ್ಕಂದಿನಲ್ಲಿ ನಾನು ಇದನ್ನು ನೋಡುತ್ತ ಊಟ ಮರೆತು ನಿಂತವನು.

ಹೆತ್ತವರು ನನ್ನ ನೆನಪಿನಲ್ಲಿಲ್ಲ. ನನ್ನನ್ನೂ ಅಣ್ಣನನ್ನೂ ಸಾಕಿದವರು ಅಜ್ಜ ಮತ್ತು ಆಯಿ, ಅಂದರೆ ಅಪ್ಪನನ್ನು ಹೆತ್ತವರು. ಅಜ್ಜ ಬಾನಿ ನೋಡಿಕೊಳ್ಳುತ್ತಿದ್ದ. ಅಣ್ಣ ನೇಕಾರರ ಮನೆಗಳಿಂದ ಬಿಳಿ ನೂಲು ತಂದು ನೀಲಿ ನೂಲು ಕೊಟ್ಟು ಬರುತ್ತಿದ್ದ, ಒಮ್ಮೊಮ್ಮೆ ಶಿಗ್ಲಿಯ ತನಕ ಸೈಕಲ್ಲು ತುಳಿಯುತ್ತಿದ್ದ. ಶಾಲೆ ಬಿಟ್ಟು ಬಂದ ಮೇಲೆ ಲಡಿ ಅದ್ದುವುದು, ಹಿಂಡುವುದು, ಗಳಕ್ಕೆ ಹಾಕುವುದು ನನ್ನ ಪಾಲಿನ ಕೆಲಸ. ಊರಲ್ಲಿ ಕಾರ್ಖಾನೆಯ ಡಬ್ಬಿ ಬಣ್ಣ ಬಂದು ಎಷ್ಟೋ ವರ್ಷವಾಗಿತ್ತು. ಅಜ್ಜ ಮಾತ್ರ, "ಡಬ್ಬ್ಯಾಗಿನ ಬಣ್ಣ ಹೆಣದ ಮ್ಯಾಲಿನ ಬಣ್ಣ" ಎನ್ನುತ್ತಿದ್ದ.

ಏಕೀಕರಣದ ಹಿಂದಿನ ವರ್ಷ ಅಣ್ಣನಿಗೆ ಮದುವೆಯಾಯಿತು. ವೈನಿ, ಅಂದರೆ ಅತ್ತಿಗೆ, ಬಂದದ್ದು ಲಕ್ಷ್ಮೇಶ್ವರದ ನಮ್ಮಂಥದೇ ಬಣ್ಣದ ಮನೆಯಿಂದ. ಸ್ವಾತಂತ್ರ್ಯ ಬರುವ ತನಕ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ ಊರು, ಗದಗ ಇಂಗ್ರೇಜರದು. ಸಂಸ್ಥಾನ ಹೋಗಿ ಏಳೆಂಟು ವರ್ಷವಾಗಿದ್ದರೂ ಆಯಿಯ ಬಾಯಲ್ಲಿ ಅದು ಹೋಗಿರಲಿಲ್ಲ. "ರಾಜರ ಊರಾಕಿ ನಮ್ಮವ್ವ ಇಕಿ, ಸಂಸ್ಥಾನದಾಕಿ. ರೊಟ್ಟಿ ಬಡಿ ಅಂದ್ರ ಕೈ ನೋಯತಾವಂತ" ಎಂದು ನೆರೆಯವರು ಕೇಳುವಂತೆ ಹೇಳುತ್ತಿದ್ದಳು. ವೈನಿ ತಿರುಗಿ ಮಾತಾಡುತ್ತಿರಲಿಲ್ಲ, ನಗುತ್ತಿದ್ದಳು.

ಬಂದ ತಿಂಗಳೊಪ್ಪತ್ತಿನಲ್ಲಿ ಒಂದು ಬೆಳಿಗ್ಗೆ ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿತ್ತಲ ಕಡೆ ಮುಖ ಮಾಡಿ, "ಅಜ್ಜಾರ, ಮೂರನೇದ್ದು ಹಸದೈತ್ರಿ" ಎಂದಳು.

ಅಜ್ಜ ಬಗ್ಗಿದ್ದವನು ತಲೆಯೆತ್ತಿದ. "ಏನು ಹಸದೈತವಾ?"

"ಮೂರನೇ ಬಾನಿರಿ. ಬೆಲ್ಲ ಬೇಡಾಕತ್ತೈತಿ. ವಾಸನಿ ಹಂಗ ಐತ್ರಿ."

ಅಜ್ಜ ಮೂರನೆಯ ಬಾನಿಯ ಬಳಿ ಹೋಗಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಪ್ರತಿದಿನ ಬಾನಿಯ ರುಚಿ ನೋಡುವುದು ಅವನ ಪದ್ಧತಿ. ಎರಡು ಸಲ ರುಚಿ ನೋಡಿ, ಉಗುಳಿ, ಅವಳನ್ನೇ ನೋಡಿದ. ಅಂದಿನಿಂದ ಬಾನಿಗೆ ಬೆಲ್ಲ ಹಾಕುವ ಸೌಟು ವೈನಿಯ ಕೈಗೆ ಬಂತು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ನೂಲು ಸುತ್ತುತ್ತಿದ್ದರೇ ಹೊರತು ಬಾನಿಗೆ ಕೈ ಹಚ್ಚುತ್ತಿರಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಆಯಿಗೇ ಆ ಸೌಟು ಸಿಕ್ಕಿರಲಿಲ್ಲ. "ನಾ ಸತ್ತ ಮ್ಯಾಲೆ ಈ ಬಾನಿ ನೋಡ್ಕೊಳ್ಳಾಕಿ ಇಕಿನ. ನಿಮ್ಮಿಬ್ಬರಿಗೂ ಮೂಗು ಇಲ್ಲ, ಬರೇ ಮುಖ ಐತಿ" ಎಂದು ಅಜ್ಜ ನನಗೂ ಅಣ್ಣನಿಗೂ ಹೇಳಿ ನಕ್ಕ. ವೈನಿ ತಲೆ ತಗ್ಗಿಸಿ ನಿಂತಿದ್ದಳು. ತವರಿನಿಂದ ಬಂದ ಮೇಲೆ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಜೂನ್‌ನಲ್ಲಿ ನನಗೆ ಮ್ಯಾಟ್ರಿಕ್ಕಿಗೆ ಇನ್ನೆರಡು ವರ್ಷ ಉಳಿದಿತ್ತು. ಶಾಲೆಯಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಒಂದು ಕಡೆ ಪದಾರ್ಥವಿಜ್ಞಾನ, ರಸಾಯನ, ದೊಡ್ಡ ಗಣಿತ. ಇನ್ನೊಂದು ಕಡೆ ಸಂಸ್ಕೃತ, ಇತಿಹಾಸ, ಸಾದಾ ಗಣಿತ. ಯಾವುದು ಬೇಕೋ ಅಲ್ಲಿ ಗೆರೆ ಎಳೆದು, ಮನೆಯ ಹಿರಿಯರ ಸಹಿ ಹಾಕಿಸಿ, ಸೋಮವಾರ ತಂದು ಕೊಡಬೇಕು. ಪ್ರಯೋಗದ ಕೋಣೆ ಚಿಕ್ಕದು, ಹದಿನಾರು ಹುಡುಗರಿಗೆ ಮಾತ್ರ ಜಾಗ. ವಿಜ್ಞಾನದ ಮಾಸ್ತರರು ನನ್ನನ್ನು ಹತ್ತಿರ ಕರೆದು, "ನೀ ರಸಾಯನ ತಗೊಳ್ಳಾಕs ಬೇಕು. ಸೋಮವಾರ ತಪ್ಪಿದ್ರ ನಿನ್ನ ಜಾಗ ಮತ್ತೊಬ್ಬಗ ಹೋಗತೈತಿ, ನಾ ತಡಿಯಾಕ ಆಗೂದಿಲ್ಲ" ಎಂದರು. ಶನಿವಾರ ಶಾಲೆ ಬಿಟ್ಟ ಮೇಲೆ ಆ ಕೋಣೆಯ ಬಾಟಲಿ ತೊಳೆದು ಒರೆಸಿಡುವವನು ನಾನೇ. ಕಪಾಟಿನ ಕೀಲಿಯನ್ನು ಅವರು ನನ್ನ ಕೈಗೇ ಕೊಟ್ಟು ಮನೆಗೆ ಹೋಗುತ್ತಿದ್ದರು. ಅಷ್ಟು ನಂಬಿಕೆ.

ಹಸಿರು ನೂಲು ಗಾಳಿಯಲ್ಲಿ ಯಾಕೆ ನೀಲಿಯಾಗುತ್ತದೆ ಎಂದು ನನಗೆ ಹೇಳಿಕೊಟ್ಟವರೂ ಅವರೇ. ಗಾಳಿಯಲ್ಲಿನ ಆಮ್ಲಜನಕ ಬಂದು ಕೂಡಿಕೊಳ್ಳುತ್ತದೆ ಎಂದರು. ಅದನ್ನು ಕೇಳಿದ ದಿನ ನಾನು ಮನೆಯ ತನಕ ಓಡಿದ್ದೆ.

ಅಜ್ಜನ ಮುಂದೆ ಚೀಟಿ ಹಿಡಿದೆ. ಅಜ್ಜ ಮರಾಠಿಯ ಹಳೆಯ ಮೋಡಿ ಅಕ್ಷರದಲ್ಲಿ ಸಹಿ ಮಾಡಬಲ್ಲವನು, ಆದರೆ ಪೆನ್ನು ಮುಟ್ಟಲಿಲ್ಲ.

"ಏನ ಕಲಿಸತಾರೋ ಅದರಾಗ?"

"ನೀರು ಯಾವುದರಿಂದ ಆಗೈತಿ ಅಂತ ಕಲಿಸತಾರ. ಜಲಜನಕ, ಆಮ್ಲಜನಕ ಎರಡೂ ಕೂಡಿ ನೀರು."

"ಜಲಜನಕ, ಆಮ್ಲಜನಕ! ಏ ಇಕಿನ, ಕೇಳಿದೇನ? ನೀರಿಗೆ ಇಬ್ಬರು ಅಪ್ಪಗಳಂತ. ಅವ್ವ ಯಾರೋ ಹಂಗಾರ?"

ಆಯಿ ನಕ್ಕಳು, ಅಣ್ಣ ನಕ್ಕ, ವೈನಿಯೂ ಸೆರಗಿನಲ್ಲಿ ನಕ್ಕಳು.

"ವಾರಕ್ಕ ಎರಡು ದಿನ ಮಧ್ಯಾಹ್ನ ಪ್ರಯೋಗ ಇರತೈತಿ ಅಜ್ಜಾ. ಆ ಎರಡು ದಿನ ಬರಾಕ ತಡ ಆಕ್ಕೈತಿ."

ಅಜ್ಜನ ನಗು ನಿಂತಿತು. "ಅಲ್ಲಿಗೆ ಬಂತು ನೋಡು. ಲಡಿ ಯಾರು ಅದ್ದವರು? ಸಂಸ್ಕೃತ ತಗೋ. ಜಲ್ದಿ ಬರತಿ, ನಾಲ್ಕು ಶ್ಲೋಕ ಬಂದ್ರ ಪುಣ್ಯ ಬ್ಯಾರೆ. ನೀಲಿ ವಿದ್ಯೆ ಮನ್ಯಾಗೈತಿ, ಅದನ್ನ ಬಿಟ್ಟು ಶಾಲ್ಯಾಗ ಏನ ಹುಡುಕತಿ?"

ಇದು ಗುರುವಾರದ ಮಾತು. ಶುಕ್ರವಾರ ನಾಲ್ಕನೆಯ ಬಾನಿಗೆ ಮೈ ಸರಿಯಿಲ್ಲ ಎಂದು ಅಜ್ಜನಿಗೆ ಅನ್ನಿಸಿತು. ಕೆನೆ ತೆಳುವಾಗಿತ್ತು, ಲಡಿ ಹಚ್ಚಿದರೆ ಬಣ್ಣ ಮಾಸಲು. "ಸುಣ್ಣ ಏರೈತಿ. ಒಂದ್ಹಿಡಿ ಬೆಲ್ಲ ಹಾಕಿ ಮೂರು ದಿನ ಬಿಡಬೇಕು, ಯಾರೂ ತಿರುವಬ್ಯಾಡ್ರಿ" ಎಂದು ಗೋಣಿತಾಟು ಮುಚ್ಚಿದ. ಆ ಬಾನಿ ನಾಲ್ಕರಲ್ಲಿ ಹಳೆಯದು. ಖಾಲಿ ಮಾಡದೆ, ಹಳೆಯ ನೀರಿಗೇ ಹೊಸದು ಕೂಡಿಸುತ್ತ, ಅಜ್ಜನ ಅಪ್ಪನ ಕಾಲದಿಂದ ನಡೆಸಿಕೊಂಡು ಬಂದದ್ದು. ಉಳಿದ ಮೂರಕ್ಕೂ ಹುದುಗಿನ ನೀರು ಅದರಿಂದಲೇ ಹೋಗುತ್ತಿತ್ತು.

ನನ್ನ ತಲೆಯಲ್ಲಿ ಲೆಕ್ಕ ಓಡಿತು. ಸುಣ್ಣ ಏರಿದೆ ಎಂದರೆ ಕ್ಷಾರ ಹೆಚ್ಚಾಗಿದೆ. ಕ್ಷಾರಕ್ಕೆ ಆಮ್ಲ ಹಾಕಿದರೆ ತಗ್ಗುತ್ತದೆ. ಲಿಟ್ಮಸ್ ಕಾಗದ ಅದ್ದಿ ನೋಡಿದರೆ ಎಷ್ಟು ತಗ್ಗಿತೆಂದೂ ಗೊತ್ತಾಗುತ್ತದೆ. ಅಜ್ಜನ ಮೂರು ದಿನದ ಕೆಲಸವನ್ನು ಶಾಲೆಯ ವಿದ್ಯೆ ಒಂದು ಗಳಿಗೆಯಲ್ಲಿ ಮಾಡಿ ತೋರಿಸಿದರೆ, ಮರುದಿನ ಬಾನಿ ಚೇತರಿಸಿಕೊಂಡಾಗ "ಇದು ನಾನು ಮಾಡಿದ್ದು" ಎಂದರೆ, ಸಹಿ ಬೀಳದೆ ಎಲ್ಲಿಗೆ ಹೋಗುತ್ತದೆ? ಹದಿನೈದರ ವಯಸ್ಸು, ಅರ್ಧ ಕಲಿತ ವಿದ್ಯೆ.

ಶನಿವಾರ ಬೆಳಗಿನ ಶಾಲೆ. ಬಾಟಲಿ ತೊಳೆಯುವ ನೆಪದಲ್ಲಿ ಕಪಾಟು ತೆಗೆದು, ನೀರು ಬೆರೆಸದ ಗಂಧಕಾಮ್ಲವನ್ನು ಮನೆಯಿಂದ ತಂದಿದ್ದ ಚೀನೀ ಭರಣಿಗೆ ಬಗ್ಗಿಸಿಕೊಂಡೆ. ಉಪ್ಪಿನಕಾಯಿಯ ಭರಣಿ ಅದು. ಆಯಿ ತೊಳೆದು ಬಿಸಿಲಿಗಿಟ್ಟಿದ್ದಳು. ಪಂಚೆಯ ತುಂಡಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು, ಮೈಯೆಲ್ಲ ಬೆವರುತ್ತ ಮನೆಗೆ ಬಂದೆ.

ಮಧ್ಯಾಹ್ನ ಉಂಡು ಅಜ್ಜ, ಆಯಿ ಪಡಸಾಲೆಯಲ್ಲಿ ಅಡ್ಡಾಗಿದ್ದರು. ಅಣ್ಣ ಕಳಸಾಪುರಕ್ಕೆ ಹೋಗಿದ್ದ. ವೈನಿ ಆ ಮೂರು ದಿನ ಹೊರಗೆ ಕೂತಿದ್ದಳು; ತಿಂಗಳಿಗೊಮ್ಮೆ ಹೆಣ್ಣುಮಕ್ಕಳು ದನದ ಕೊಟ್ಟಿಗೆಯ ಮೂಲೆಯಲ್ಲಿ ಬೇರೆ ಇರುವುದು ನಮ್ಮ ಮನೆಯ ಪದ್ಧತಿ. ಕೊಟ್ಟಿಗೆಗೂ ಬಾನಿಗಳ ಮಾಡಿಗೂ ನಡುವೆ ಒಂದು ಮಣ್ಣಿನ ಗೋಡೆ ಮಾತ್ರ.

ಗೋಣಿತಾಟು ಸರಿಸಿ ಲಿಟ್ಮಸ್ ಕಾಗದ ಅದ್ದಿದೆ. ಕೆಂಪು ಕಾಗದ ನೀಲಿಯಾಯಿತು. ನನ್ನ ಲೆಕ್ಕ ಸರಿ! ಸ್ವಲ್ಪ ಆಮ್ಲ ಬಿಟ್ಟೆ. ನೀರು ಚುರ್ರೆಂದಿತು, ಹಬೆ ಎದ್ದಿತು, ನಾಲ್ಕಾರು ಹನಿ ಗೋಣಿತಾಟಿನ ಮೇಲೆ ಸಿಡಿದವು. ಕೋಲು ತೆಗೆದುಕೊಂಡು ತಿರುವಿದೆ. ಕಾಗದ ಇನ್ನೂ ನೀಲಿ. ಮತ್ತೆ ಬಿಟ್ಟೆ, ಮತ್ತೆ ತಿರುವಿದೆ. ಹೀಗೆ ಮಾಡುತ್ತ ಮಾಡುತ್ತ ಭರಣಿ ಬರಿದಾಯಿತು. ಕೊನೆಗೆ ಅದ್ದಿದ ನೀಲಿ ಕಾಗದ ಕೆಂಪಾಗಿ ಬಂತು. ನಡುವೆ ಎಲ್ಲೋ ನಿಲ್ಲಿಸಬೇಕಿತ್ತು, ಅದು ನನಗೆ ತಿಳಿಯಲಿಲ್ಲ. ಇನ್ನೂ ಒಳ್ಳೆಯದೇ ಆಯಿತು ಎಂದುಕೊಂಡೆ. ಬಾನಿ ಮುಚ್ಚಿ, ಭರಣಿ ತೊಳೆದು ಬಿಸಿಲಿಗೇ ಇಟ್ಟು, ಪುಸ್ತಕ ಹಿಡಿದು ಕೂತೆ.

ಭಾನುವಾರ ಬೆಳಿಗ್ಗೆ ಅಜ್ಜನ ಕೂಗಿಗೆ ಮನೆಯೆಲ್ಲ ಹಿತ್ತಲಿಗೆ ಓಡಿತು. ಅಜ್ಜ ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಉಗುಳುತ್ತಿದ್ದ, ಒಂದೇ ಸವನೆ ಉಗುಳುತ್ತಿದ್ದ. ಕೆನೆ ಇರಲಿಲ್ಲ. ನೀರು ಹೊಲಸು ಬೂದಿ ಬಣ್ಣಕ್ಕೆ ತಿರುಗಿತ್ತು. ಅಣ್ಣ ಒಂದು ಲಡಿ ಅದ್ದಿ ಎತ್ತಿದ. ನೂಲಿಗೆ ಬಣ್ಣ ಹತ್ತಲೇ ಇಲ್ಲ.

"ಸತ್ತತಿ" ಎಂದ ಅಜ್ಜ. "ನಮ್ಮಪ್ಪನ ಬಾನಿ ಸತ್ತತಿ."

ಅಜ್ಜ ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವನ ಹೆಗಲು ಅಲುಗುತ್ತಿದ್ದವು, ದನಿ ಬರುತ್ತಿರಲಿಲ್ಲ.

ಆಯಿ ಕೊಟ್ಟಿಗೆಯ ಕಡೆ ತಿರುಗಿದಳು. ಹೊರಗೆ ಕೂತ ಹೆಂಗಸು ನೀಲಿಯ ಬಾನಿಯ ಹತ್ತಿರ ಸುಳಿದರೆ ಬಾನಿ ಹುಳಿಯುತ್ತದೆ ಎಂಬುದು ಬಣ್ಣದ ಮನೆಗಳಲ್ಲೆಲ್ಲ ಇದ್ದ ನಂಬಿಕೆ. ವೈನಿಯ ತವರಲ್ಲಿಯೂ ಅದೇ.

"ಏ ಸಂಸ್ಥಾನದಾಕಿ, ನೀ ನಿನ್ನೆ ಈ ಕಡೆ ಹಾದಿದ್ದೇನ?"

ವೈನಿ ಗೋಡೆಯ ಕೊನೆಗೆ ನಿಂತು ಇಣುಕುತ್ತಿದ್ದಳು; ಅಜ್ಜ ಎಸೆದಿದ್ದ ಗೋಣಿತಾಟು, ಕೋಲು ಅವಳ ಎದುರಿಗೇ ಬಿದ್ದಿದ್ದವು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಸಂಜೀಮುಂದ ಹಾದೇನ್ರಿ ಆಯಿ, ಬಾವಿಗೆ ಹೋಗೂವಾಗ. ದೂರಲಿಂದ, ಗ್ವಾಡಿ ಹಿಡಕೊಂಡು."

"ಕೇಳಿದ್ರ್ಯಾ? ಬಾಯಿಲೆ ಒಪ್ಪಿಕೊಂಡ್ಲು. ಇಂಥಾಕಿ ಕೈಯಾಗ ಸೌಟು ಕೊಟ್ಟು ಮೆರಸಿದ್ರಿ!"

"ಅಜ್ಜಾರ, ಒಂದ ಮಾತು" ಎಂದಳು ವೈನಿ. "ಬಾನಿ ತಾನs ಹುಳಿತ್ರ ಮೂರು ದಿನ ಮೊದಲ ಸುದ್ದಿ ಕೊಡತೈತ್ರಿ. ನಿನ್ನೆ ಮುಂಜಾನಿ ತನಾ ಆ ವಾಸನಿ ಇದ್ದಿದ್ದಿಲ್ಲ. ಕೋಲು ನೋಡ್ರಿ, ಬಿಳಿ ಸುಣ್ಣದಂಥಾದ್ದು ಹತ್ತೈತಿ. ಗೋಣಿತಾಟು ನೋಡ್ರಿ, ತೂತು ಬಿದ್ದಾವು. ನಿನ್ನೆ ಮಧ್ಯಾಹ್ನ ಯಾರೋ ತಿರುವಿದ ಸಪ್ಪಳ ನನಗ ಕೇಳಿಸ್ತು."

"ಯಾರು ತಿರುವಿದ್ರು?" ಎಂದು ಆಯಿ ಕೇಳಿದಳು.

ವೈನಿಯ ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತಿತು. ಆಮೇಲೆ ನೆಲ ನೋಡಿದಳು. "ನಾ ಕಣ್ಣಿಲೆ ಕಾಣಲಿಲ್ರಿ."

ಅಜ್ಜ ಗೋಣಿತಾಟನ್ನು ಎತ್ತಿ ಬೆಳಕಿಗೆ ಹಿಡಿದ. ಸಣ್ಣ ಸಣ್ಣ ತೂತುಗಳು. ನನ್ನ ಕಡೆ ತಿರುಗಿದ. "ನಿನ್ನೆ ಮಧ್ಯಾಹ್ನ ಮನ್ಯಾಗ ಇದ್ದಾಂವ ನೀನು. ಏನಾರ ಮಾಡಿದೇನಪಾ? ಮಾಡಿದ್ರ ಹೇಳು, ನಾ ಹೊಡಿಯೂದಿಲ್ಲ."

ಅಜ್ಜ ಹೊಡೆಯುವುದಿಲ್ಲ ಎಂದರೆ ಹೊಡೆಯುತ್ತಿರಲಿಲ್ಲ. ನನಗೆ ಹೊಡೆತದ ಭಯವಿರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಚೀಟಿ. ಮಾಡಿದ್ದು ನಾನು ಎಂದರೆ, ಶಾಲೆಯ ವಿದ್ಯೆಯಿಂದ ಮಾಡಿದೆ ಎಂದರೆ, ವಿಜ್ಞಾನ ಅಲ್ಲಿಗೆ ಮುಗಿಯಿತು. ಕಪಾಟಿನ ಕಳ್ಳತನ ಮಾಸ್ತರರಿಗೂ ತಿಳಿಯುತ್ತದೆ.

"ಇಲ್ಲ ಅಜ್ಜಾ. ನಾ ಓದಾಕತ್ತಿದ್ದೆ. ಗೋಣಿತಾಟು ಇಲಿ ಕಡದಿರಬೇಕು."

"ನೋಡ್ರಿ, ತನ್ನ ತಪ್ಪು ಮುಚ್ಚಾಕ ತಾಯಿಲ್ಲದ ಹುಡುಗನ ಮ್ಯಾಲೆ ಹಾಕಾಕ ನಿಂತಾಳ" ಎಂದಳು ಆಯಿ.

ಅಣ್ಣ ಒದ್ದೆ ಲಡಿಯನ್ನು ಹಿಂಡುತ್ತ ನಿಂತ. ಅಜ್ಜ ಗೋಣಿತಾಟನ್ನು ಮಡಚಿ ಕೆಳಗಿಟ್ಟ. ವೈನಿಯ ಕಡೆ ನೋಡದೆಯೇ, "ಇನ್ನ ಮ್ಯಾಲೆ ಈ ಮಾಡಿನ ಕೆಳಗ ಕಾಲಿಡಬ್ಯಾಡವಾ" ಎಂದ. ಬೈದಿದ್ದರೆ ಅವಳಿಗೆ ಇಷ್ಟು ತಾಗುತ್ತಿರಲಿಲ್ಲವೇನೋ.

ಅದೇ ಸಂಜೆ ಅಜ್ಜ ಚೀಟಿ ಕೇಳಿದ. ನಾನು ಕೇಳಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. "ಅವ್ವನಂಥ ಬಾನಿನ ಹ್ವಾತು. ಅದರ ನೀರು ಇಲ್ಲದ ಉಳಿದವು ಎಷ್ಟು ದಿನ? ಇನ್ನ ಮನ್ಯಾಗ ಇದ್ದು ನೀ ಏನ ಅದ್ದಾಂವ. ಹೋಗು, ನಿನ್ನ ಎರಡಪ್ಪನ ನೀರು ಕಲಿ" ಎಂದು ಮೋಡಿಯಲ್ಲಿ ಸಹಿ ಎಳೆದು ಕೊಟ್ಟ. ಸೋಮವಾರ ನಾನು ಚೀಟಿ ಕೊಟ್ಟಾಗ ಮಾಸ್ತರರು ಬೆನ್ನು ತಟ್ಟಿದರು. ಹದಿನಾರರಲ್ಲಿ ನಾನು ಹದಿನೈದನೆಯವನು.

ವೈನಿ ನಾಲ್ಕನೆಯ ದಿನ ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬಂದಳು. ಆಯಿ ಅದೊಂದು ಸಲ ಅವಳನ್ನು ಮಾಡಿನ ಕೆಳಗೆ ಕರೆದು, ಅವಳ ಕೈಯಿಂದ ಸತ್ತ ಬಾನಿಗೆ ಅರಿಶಿನ ಕುಂಕುಮ ಹಚ್ಚಿಸಿ, ಕಾಯಿ ಒಡೆಸಿ, ನೆಲಕ್ಕೆ ಹಣೆ ಹಚ್ಚಿಸಿ ತಪ್ಪು ಒಪ್ಪಿಸಿದಳು. "ನನ್ನಿಂದ ತಪ್ಪಾತು" ಎಂದು ವೈನಿ ಮೂರು ಸಲ ಹೇಳಬೇಕಾಯಿತು. ಕಾಯಿಯ ಹೋಳನ್ನು ಎಲ್ಲರಿಗೂ ಹಂಚಿದರು. ನನ್ನ ಪಾಲನ್ನು ನಾನು ತಿಂದೆ.

ಒಂದು ವಾರದ ಮೇಲೆ ಬಾವಿಯ ಹತ್ತಿರ ಅವಳು ಕೊಡ ತುಂಬುತ್ತಿದ್ದಳು, ನಾನು ಕಾಲು ತೊಳೆಯುತ್ತಿದ್ದೆ. ಸುತ್ತ ಯಾರೂ ಇರಲಿಲ್ಲ.

"ತಮ್ಮಾ, ಬಾನಿಗೆ ಏನ ಹಾಕಿದಿ?"

"ಏನೂ ಹಾಕಿಲ್ರಿ ವೈನಿ."

"ನಾ ಯಾರ ಮುಂದೂ ಹೇಳೂದಿಲ್ಲ. ನಿನ್ನ ಶಾಲಿ ಬಿಡಸೂದಿಲ್ಲ. ನನಗಷ್ಟs ಗೊತ್ತಾಗಬೇಕು. ನಮ್ಮವ್ವನೂ ಹೇಳತಿದ್ಲು, ನೆರಳು ಬಿದ್ರ ಸಾಕು ಹುಳಿತೈತಿ ಅಂತ. ನನ್ನ ನೆರಳು ಬಿದ್ದಿತ್ತೋ ಏನೋ ಅಂತ ನನಗs ಸಂಶೆ ಬರಾಕತ್ತೈತಿ. ಖರೆ ಹೇಳು."

ಅಷ್ಟು ಕೊಟ್ಟಳು ಅವಳು. ನನ್ನ ಸಹಿ, ನನ್ನ ಜಾಗ, ನನ್ನ ಮಾನ ಎಲ್ಲವೂ ಉಳಿಯುವ ಹಾಗೆ ಕೇಳಿದಳು. ಒಂದು ಮಾತು, ಅದೂ ಅವಳ ಕಿವಿಗೆ ಮಾತ್ರ. ಆದರೆ ಎಲ್ಲರ ಮುಂದೆ ಹೇಳಿದ ಸುಳ್ಳು ಆಗಲೇ ನನಗೆ ನಿಜದ ಹಾಗೆ ರೂಢಿಯಾಗಿತ್ತು.

"ಖರೇನ ಹೇಳಾಕತ್ತೀನ್ರಿ. ವಿದ್ಯೆ ಮ್ಯಾಲೆ ಆಣಿ."

ವೈನಿ ನನ್ನನ್ನು ನೋಡಿ, ಕೊಡ ಸೊಂಟಕ್ಕೇರಿಸಿಕೊಂಡು ಹೋದಳು. ಆಮೇಲೆ ಆ ಮಾತು ಎತ್ತಲಿಲ್ಲ. ನನಗೆ ಬಡಿಸುವಾಗ ಮೊದಲಿನ ಹಾಗೇ ಬಡಿಸುತ್ತಿದ್ದಳು, ಪರೀಕ್ಷೆಯ ದಿನಗಳಲ್ಲಿ ಹಾಲು ಕಾಸಿ ಕೊಡುತ್ತಿದ್ದಳು. ನಾನು ಕುಡಿಯುತ್ತಿದ್ದೆ.

ಅಜ್ಜ ಹೊಸ ಬಾನಿ ಹಾಕಿದ. ಎರಡು ಸಲ ಕೆಟ್ಟಿತು, ಮೂರನೆಯ ಸಲ ಅಷ್ಟಕ್ಕಷ್ಟೆ ಎದ್ದಿತು. ಬೆಳಿಗ್ಗೆ ಬೆರಳದ್ದಿ ರುಚಿ ನೋಡುವಾಗ ಅವನ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಗುತ್ತಿತ್ತು. ಬಾಗಿಲಲ್ಲಿ ವೈನಿ ಇರುತ್ತಿದ್ದಳು, ವಾಸನೆ ಅವಳಿಗೆ ಬರುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಮರುವರ್ಷ ಏಕೀಕರಣವಾಯಿತು. ಗದಗಿನಲ್ಲಿ ಮೆರವಣಿಗೆ, ತಳಿರು ತೋರಣ; ನಾವು ಹುಡುಗರು ಜಯಕಾರ ಹಾಕಿ ದನಿ ಕಳೆದುಕೊಂಡೆವು. ಮನೆಗೆ ಬಂದು ನಾನು, "ಇನ್ನ ಎಲ್ಲಾ ಒಂದs ರಾಜ್ಯ, ವೈನಿ. ಸಂಸ್ಥಾನ, ಮುಂಬಯಿ ಏನೂ ಇಲ್ಲ" ಎಂದೆ. ಅವಳು ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. "ಚಲೋ ಆತು ತಮ್ಮಾ" ಎಂದಳು, ಕೈ ನಿಲ್ಲಿಸಲಿಲ್ಲ.

ರಸಾಯನದ ತರಗತಿಯಲ್ಲಿ ಆಮ್ಲ-ಕ್ಷಾರದ ಪಾಠ ಬಂದಾಗ ಮಾಸ್ತರರು ಒಂದು ಮಾತು ಹೇಳಿದರು: ಬೂಜು, ಹುದುಗು, ಮೊಸರು ಇವೆಲ್ಲ ಕಣ್ಣಿಗೆ ಕಾಣದ ಜೀವಿಗಳ ಕೆಲಸ, ತೀಕ್ಷ್ಣ ಆಮ್ಲ ಬಿದ್ದರೆ ಆ ಜೀವಿಗಳು ಸಾಯುತ್ತವೆ. ಅಜ್ಜ ಬಾನಿಗೆ ಜೀವ ಇದೆ ಎನ್ನುತ್ತಿದ್ದದ್ದು ಅಕ್ಷರಶಃ ನಿಜವಾಗಿತ್ತು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ಬಂತು.

ಅಜ್ಜ ನಾನು ಕಾಲೇಜಿನಲ್ಲಿದ್ದಾಗ ಹೋದ. ಆಯಿ ಇನ್ನೂ ಹನ್ನೆರಡು ವರ್ಷ ಬದುಕಿ, "ಬಾನಿ ಕೊಂದಾಕಿ" ಎಂಬ ಮಾತನ್ನು ಮೊಮ್ಮಕ್ಕಳ ಮಕ್ಕಳಿಗೂ ಕಲಿಸಿ ಹೋದಳು. ಬಾನಿಗಳಿಗೆ ಅಣ್ಣ ಮಣ್ಣು ತುಂಬಿಸಿದ. ಐದಾರು ವರ್ಷದ ಹಿಂದೆ ಅಣ್ಣನೂ ಹೋದ.

ನಾಲ್ಕು ವರ್ಷದ ಹಿಂದೆ, ವೈನಿಯ ಮೊಮ್ಮಗಳು ಹತ್ತನೆಯ ತರಗತಿ ಪಾಸಾದ ಸಂತೋಷಕ್ಕೆ ಬೆಟಗೇರಿಯ ಮನೆಗೆ ಊಟಕ್ಕೆ ಕರೆದಿದ್ದರು. ಕಾಲೇಜಿನ ಅರ್ಜಿ ಹಿಡಿದುಕೊಂಡು ಹುಡುಗಿ ನನ್ನ ಮುಂದೆ ಕೂತಳು. "ಕಾಕಾಜ್ಜ, ಸಾಯನ್ಸ್ ತಗೊಳ್ಳೋ ಕಾಮರ್ಸೋ? ನೀವು ಹೆಂಗ ತಗೊಂಡ್ರಿ?"

ನಾನು ಸಿದ್ಧ ಉತ್ತರ ಸುರುಮಾಡಿದೆ. ಬಣ್ಣದ ಮನೆ, ಬಣ್ಣ ನೋಡುತ್ತ ಬೆಳೆದೆ. ಮೊರದ ಮುಂದೆ ಕೂತು ಬೇಳೆ ಹಸನು ಮಾಡುತ್ತಿದ್ದ ವೈನಿ ತಲೆಯೆತ್ತದೆ, "ಪೂರಾ ಹೇಳು ತಮ್ಮಾ. ಹುಡುಗಿ ಕೇಳಾಕತ್ತಾಳ" ಎಂದಳು.

ಹೇಳಿದೆ. ಮೊದಲ ನಾಲ್ಕು ಮಾತಿಗೆ ನಾಲಿಗೆ ತೊದಲಿತು. ಆಮೇಲೆ ಏನಾಯಿತೆಂದರೆ, ಹೇಳುವ ಚಟ ನನ್ನನ್ನು ಹಿಡಿದುಕೊಂಡಿತು. ಹಿರಿಯರ ಮಾತು ಕೇಳುತ್ತ ಬೆಳೆದವನು ನಾನು. ಕಥೆಗೆ ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಎತ್ತಬೇಕು ಗೊತ್ತು. ನೀರಿನ ಇಬ್ಬರು ಅಪ್ಪಗಳು, ಉಪ್ಪಿನಕಾಯಿ ಭರಣಿ, ಅಜ್ಜ ಉಗುಳಿದ್ದು, ಇಲಿ ಕಡಿದದ್ದು. ಮಕ್ಕಳು, ಮೊಮ್ಮಕ್ಕಳು, ಸೊಸೆಯಂದಿರು ಬಿದ್ದು ಬಿದ್ದು ನಕ್ಕರು. ವೈನಿಯ ಹಿರಿಯ ಮಗ ಕಣ್ಣೊರೆಸಿಕೊಳ್ಳುತ್ತ, "ಅಯ್ಯ ಕಾಕಾ! ದೊಡ್ಡಾಯಿ ಸಾಯೋ ತನಾ ಅವ್ವಗ ಬಾನಿ ಕೊಂದಾಕಿ ಅಂತಿದ್ಲು. ಕೊಂದಾಂವ ನೀವs ಏನು! ಭಾರಿ ಅದೀರಿ ಬಿಡ್ರಿ" ಎಂದ.

ಅವಳ ತಲೆಯ ಮೇಲಿದ್ದಷ್ಟು ಕಾಲ ಅದು ಪಾಪವಾಗಿತ್ತು. ನನ್ನ ತಲೆಗೆ ಬಂದ ಗಳಿಗೆಯಲ್ಲೇ ತಮಾಷೆಯಾಯಿತು. ಆ ತಮಾಷೆ ಮಾಡಿದವನೂ ನಾನೇ.

ವೈನಿ ನಕ್ಕಿರಲಿಲ್ಲ. "ಎಷ್ಟು ಹಾಕಿದ್ದಿ?" ಎಂದಳು.

"ಭರಣಿ ತುಂಬ್ರಿ. ನೀರು ಬೆರಸಲಾರದ್ದು."

ಅವಳು ಬೇಳೆಯ ಮೇಲೆ ಕೈಯಿಟ್ಟು ಮನಸ್ಸಿನಲ್ಲೇ ಅಳೆದಳು. "ಅಷ್ಟು ಬಿದ್ರ ಯಾ ಬಾನಿ ಉಳದೀತು. ಹಂಗಾರ ನಾ ಅಲ್ಲ."

"ವೈನಿ, ನಿಮಗ ಗೊತ್ತಿತ್ತಲ್ರಿ. ಕೋಲು, ವಾಸನಿ, ಎಲ್ಲಾ ಆವತ್ತs ನೀವs ಹೇಳಿದ್ರಿ."

"ಗೊತ್ತಿತ್ತು. ಆದ್ರ ನೀ ವಿದ್ಯೆ ಮ್ಯಾಲೆ ಆಣಿ ಮಾಡಿದ್ದಿ. ವಿದ್ಯೆಗೆ ಅಷ್ಟು ಜೀವಾ ಬಿಡೋ ಹುಡುಗ ಅದರ ಮ್ಯಾಲೆ ಸುಳ್ಳು ಆಣಿ ಮಾಡೂದಿಲ್ಲ ಅನ್ಕೊಂಡೆ. ಒಂದ ದಿನ ನೀನs ಅನಸತಿತ್ತು, ಒಂದ ದಿನ ನಾನs ಅನಸತಿತ್ತು. ಹೆಣ್ಣುಮಗಳು ಹುಟ್ಟಿದಾಗ ಅಕಿನ್ನ ಬಾನಿ ಕಡೆ ಬಿಡಲಿಲ್ಲ ನಾನು. ನನ್ನ ನೆರಳು ಅಕಿಗೂ ಬಂದಿದ್ರ ಅಂತ."

ಮೊಮ್ಮಗಳು ಅರ್ಜಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಹೇಳೂದೇನೋ ಚಂದ ಹೇಳತೀಯಪಾ" ಎಂದಳು ವೈನಿ, ಬೇಳೆಯೊಳಗಿನ ಒಂದು ಹರಳು ಹೆಕ್ಕಿ ಪಕ್ಕಕ್ಕಿಡುತ್ತ. "ಇಷ್ಟು ಚಂದ ಬ್ಯಾಡಾಗಿತ್ತು. ಆವತ್ತು ಬಾವಿ ಹಂತೇಲಿ ನಾ ಕೇಳಿದಾಗ, ಹೂಂ ಅಂದಿದ್ರ ಸಾಕಿತ್ತು."

ನಾನು ಹೂಂ ಅಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಮೊರ ಎತ್ತಿಕೊಂಡು ಒಳಗೆ ಹೋದಳು.